ವೀಣೆ, ಪಿಟೀಲು, ಕೊಳಲು, ಕೀಬೋರ್ಡ್: ಗಮಕ ನೋಡಿ ವಾದ್ಯ ಆರಿಸಿಕೊಳ್ಳಿ

ನವರಾತ್ರಿ ಹತ್ತಿರ ಬಂತು ಅಂದರೆ ನನಗೆ ಒಂದೇ ಥರದ ಫೋನ್‌ಗಳು ಶುರುವಾಗುತ್ತವೆ. "ವಿಜಯದಶಮಿಗೆ ಮಗಳನ್ನ ಸಂಗೀತಕ್ಕೆ ಸೇರಿಸೋಣ ಅಂತಿದ್ದೀವಿ. ವೀಣೆ ಕೊಡಿಸೋದಾ, ಕೀಬೋರ್ಡ್ ಸಾಕಾ?" ಈ ಸಲ ಕೇಳಿದವರು ಮೂರು ಜನ. ಒಬ್ಬರಿಗೆ ಏಳು ವರ್ಷದ ಮಗಳು, ಅಪಾರ್ಟ್‌ಮೆಂಟಿನ ಮೂರನೇ ಮಹಡಿ. ಇನ್ನೊಬ್ಬರು ಬ್ಯಾಂಕಿನಿಂದ ರಿಟೈರ್ ಆದವರು, ತಮಗೇ ಕಲಿಯುವ ಆಸೆ. ಮೂರನೆಯವರು ಡಲ್ಲಾಸ್‌ನಲ್ಲಿರುವ ನೆಂಟರು. ಮೂವರೂ ಬೆಲೆ ಕೇಳಿದರು, ಎಷ್ಟು ತಿಂಗಳಲ್ಲಿ ಒಂದು ಹಾಡು ನುಡಿಸಬಹುದು ಅಂತ ಕೇಳಿದರು. ಗಮಕದ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ಕರ್ನಾಟಕ ಸಂಗೀತ ಕಲಿಯುವುದೇ ಆದರೆ ಮೊದಲು ಕೇಳಬೇಕಾದ್ದು ಅದನ್ನೇ.

(ಕುಮಾರವ್ಯಾಸ ಭಾರತ ಓದುವ ಗಮಕ ಬೇರೆ. ಇಲ್ಲಿ ಹೇಳುತ್ತಿರುವುದು ಸ್ವರದ ಗಮಕ.)

ಗಮಕ ಅಂದರೆ ಸ್ವರಕ್ಕೆ ತೊಡಿಸುವ ಒಡವೆ ಅಂತ ಸುಲಭವಾಗಿ ಹೇಳಿಬಿಡುತ್ತೇವೆ. ಒಡವೆ ಅಂದಮೇಲೆ ಬಿಚ್ಚಿಟ್ಟರೂ ಮನುಷ್ಯರು ಅವರೇ ಇರಬೇಕಲ್ವಾ? ಯಾರದ್ದಾದರೂ ಕೀಬೋರ್ಡ್ ಸಿಕ್ಕರೆ ಹೀಗೆ ಮಾಡಿ ನೋಡಿ. ಸಿ ಮನೆಯನ್ನು (ಮನೆ ಅಂದರೆ ಬೆರಳಲ್ಲಿ ಒತ್ತುವ ಕೀ) ಷಡ್ಜ, ಅಂದರೆ 'ಸ' ಅಂತ ಇಟ್ಟುಕೊಂಡು ಸಿ, ಸಿ ಶಾರ್ಪ್, ಡಿ ಶಾರ್ಪ್, ಎಫ್, ಜಿ, ಜಿ ಶಾರ್ಪ್, ಎ ಶಾರ್ಪ್ ಒಂದೊಂದಾಗಿ ಒತ್ತಿ. ಲೆಕ್ಕದ ಪ್ರಕಾರ ಇವೇ ತೋಡಿ ರಾಗದ ಸ್ವರಗಳು. ಕಿವಿಗೆ ಬೀಳುವುದು ಮಾತ್ರ ಸಿಂಧುಭೈರವಿಯ ನೆರಳು. ತೋಡಿಯ ಗಾಂಧಾರ (ಸರಿಗಮದ 'ಗ') ಒಂದು ಕಡೆ ನಿಲ್ಲುವ ಸ್ವರವೇ ಅಲ್ಲ. ರಿಷಭದ ('ರಿ') ಹತ್ತಿರದಿಂದ ಮಧ್ಯಮದ ('ಮ') ಕಡೆಗೆ ಓಲಾಡುತ್ತಾ ಇರುತ್ತದೆ. ಆ ಓಲಾಟ ತೆಗೆದರೆ ತೋಡಿಯೇ ಇಲ್ಲ.

13ನೇ ಶತಮಾನದ ಶಾರ್ಙ್ಗದೇವ 'ಸಂಗೀತ ರತ್ನಾಕರ'ದಲ್ಲಿ 15 ಬಗೆಯ ಗಮಕ ಹೇಳಿದ್ದಾನೆ. ಆಮೇಲೆ ಬಂದ ಪಟ್ಟಿ ದಶವಿಧ ಗಮಕದ್ದು. ವಾದ್ಯ ಕೊಳ್ಳಲು ಹೊರಟವರಿಗೆ ಅಷ್ಟೆಲ್ಲ ಬೇಡ, ಮೂರು ಸಾಕು. ಒಂದು, ಓಲಾಡುವುದು, ಅಂದರೆ ಕಂಪಿತ. ಎರಡು, ಒಂದು ಸ್ವರದಿಂದ ಇನ್ನೊಂದಕ್ಕೆ ನಡುವೆ ಕಡಿಯದೆ ಜಾರುವುದು, ಅದೇ ಜಾರು. ಮೂರು, ಒಂದೊಂದು ಸ್ವರವನ್ನು ಎರಡೆರಡು ಸಲ ಹೇಳುವ ಜಂಟಿ ವರಸೆಯಲ್ಲಿ ಎರಡನೇ ಸ್ವರವನ್ನು ಕೆಳಗಿನ ಸ್ವರ ಮುಟ್ಟಿಸಿ ಒತ್ತಿ ಹೇಳುವುದು, ಸ್ಫುರಿತ. ಯಾವ ವಾದ್ಯ ಈ ಮೂರನ್ನು ಎಷ್ಟು ಸಲೀಸಾಗಿ ಕೊಡುತ್ತದೆ ಅನ್ನುವುದು ನನ್ನ ಮೊದಲ ಅಳತೆಗೋಲು.

ಇನ್ನೂ ಕೆಲವು ಇವೆ. ಶುರುವಿನಲ್ಲಿ ಎಷ್ಟು ದಿನ ಸತಾಯಿಸುತ್ತದೆ? ಕೊಂಡ ಮೇಲೆ ಎಷ್ಟು ಖರ್ಚು ಎಳೆಯುತ್ತದೆ? ಮನೆಯಲ್ಲಿ ಜಾಗ ಇದೆಯಾ, ಪಕ್ಕದ ಮನೆಯವರು ಎಂಥವರು? ಕಲಿಯುವವರ ಕೈ, ಮಂಡಿ, ಉಸಿರು ಒಗ್ಗುತ್ತದಾ? ರಿಪೇರಿಗೆ ಯಾರಿದ್ದಾರೆ?

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಮೊದಲ ವರ್ಷ ಎಲ್ಲಾ ವಾದ್ಯಗಳೂ ಒಂದೇ ಥರ ಕಾಣುತ್ತವೆ. ಪುರಂದರದಾಸರು ಹಾಕಿಕೊಟ್ಟರು ಅನ್ನುವ ಮಾಯಾಮಾಳವಗೌಳ ರಾಗದ ಸರಳೆ ವರಸೆಯನ್ನು, ಅಂದರೆ ಮೊದಲ ಪಾಠಗಳನ್ನು, ಕೀಬೋರ್ಡಿನಲ್ಲಿ ಒತ್ತಿದರೂ ಚೆನ್ನಾಗಿಯೇ ಇರುತ್ತದೆ. ವೀಣೆಗಿಂತ ಬೇಗ ಬರುತ್ತದೆ ಕೂಡ. ವ್ಯತ್ಯಾಸ ಗೊತ್ತಾಗುವುದು ವರ್ಣಕ್ಕೆ (ಗಮಕ ತುಂಬಿದ ಅಭ್ಯಾಸದ ರಚನೆ) ಬಂದಾಗ, ಅಂದರೆ ಎರಡು ಮೂರು ವರ್ಷ ಆದ ಮೇಲೆ. ಅಷ್ಟು ಹೊತ್ತಿಗೆ ದುಡ್ಡೂ ಹೋಗಿರುತ್ತದೆ, ಬೆರಳೂ ಒಂದು ಅಭ್ಯಾಸಕ್ಕೆ ಬಿದ್ದಿರುತ್ತದೆ.

ವೀಣೆಯಿಂದ ಶುರು ಮಾಡುತ್ತೇನೆ. ನಾನು ನುಡಿಸುವುದು ಅದನ್ನೇ, ಪಕ್ಷಪಾತ ಕಂಡರೆ ಕ್ಷಮಿಸಿ. ನುಡಿಸಲು 4 ತಂತಿ, ತಾಳಕ್ಕೆ ಪಕ್ಕದಲ್ಲಿ 3. ಮೇಣದ ಮೇಲೆ ಕೂರಿಸಿದ 24 ಮೆಟ್ಟಿಲು, ಅಂದರೆ ಸ್ವರದ ಜಾಗ ತೋರುವ ಅಡ್ಡಪಟ್ಟಿಗಳು. ಗಮಕ ಹುಟ್ಟುವುದು ಎಳೆತದಿಂದ. ಮೆಟ್ಟಿಲ ಮೇಲೆ ತಂತಿ ಒತ್ತಿ ಪಕ್ಕಕ್ಕೆ ಎಳೆದರೆ ಸ್ವರ ಏರುತ್ತದೆ, ಬಿಟ್ಟರೆ ಮೊದಲಿನ ಜಾಗಕ್ಕೆ ಬರುತ್ತದೆ. ಗಮನಿಸಿ, ಎಳೆದು ಸ್ವರವನ್ನು ಏರಿಸಬಹುದೇ ಹೊರತು ಇಳಿಸಲು ಆಗುವುದಿಲ್ಲ. ಹಾಗಾಗಿ ತೋಡಿಯ ಗಾಂಧಾರ ಬೇಕು ಅಂದರೆ ರಿಷಭದ ಮೆಟ್ಟಿಲಲ್ಲೇ ಬೆರಳಿಟ್ಟು, ಗಾಂಧಾರ ದಾಟಿ ಮಧ್ಯಮದ ಅಂಚಿನವರೆಗೆ ಎಳೆದು, ವಾಪಸ್ ಬಿಡಬೇಕು. ಒಂದೇ ಮೀಟಿಗೆ ಇಷ್ಟೂ ಆಗಬೇಕು. ಮೀಟಿದ ನಾದ ಸಾಯುವುದರೊಳಗೆ ಗಮಕ ಮುಗಿಯದಿದ್ದರೆ ಬೆರಳು ಓಡಾಡುತ್ತಿರುತ್ತದೆ, ಕೇಳುವವರಿಗೆ ಏನೂ ಕೇಳಿಸುವುದಿಲ್ಲ. ಚೆನ್ನಾಗಿ ಎಳೆದ ವೀಣೆಯ ಸ್ವರದಲ್ಲಿ ಒಂದು ತೂಕ ಇರುತ್ತದೆ. ನನ್ನ ಕಿವಿಗೆ ಅದು ಬೇರೆ ಯಾವ ವಾದ್ಯದಲ್ಲೂ ಸಿಕ್ಕಿಲ್ಲ.

ಅದಕ್ಕೆ ಬೆಲೆ ಕೊಡುವುದು ಎಡಗೈ. ತೋರುಬೆರಳು, ನಡುಬೆರಳ ತುದಿಯಲ್ಲಿ ತಂತಿಯ ಗೆರೆ ಕಪ್ಪಗೆ ಕೂರುತ್ತದೆ. ಮೊದಲ ಒಂದೆರಡು ತಿಂಗಳು ಪಾತ್ರೆ ಉಜ್ಜುವಾಗ ಸೋಪಿನ ನೀರು ತಾಗಿದರೆ ಚುರುಕ್ ಅನ್ನುತ್ತದೆ. ಪಕ್ಕದಲ್ಲಿ ಒಂದು ಬಟ್ಟಲಲ್ಲಿ ಎಣ್ಣೆ ಇಟ್ಟುಕೊಂಡು ಬೆರಳು ಅದ್ದುತ್ತಾ ನುಡಿಸಿದರೆ ಜಾರು ಸಲೀಸು. ಆಮೇಲೆ ಚರ್ಮ ಗಟ್ಟಿಯಾಗುತ್ತದೆ, ನೋವು ಮರೆತುಹೋಗುತ್ತದೆ.

ಖರ್ಚು ಕೊಂಡ ದಿನಕ್ಕೆ ಮುಗಿಯುವುದಿಲ್ಲ. ನನ್ನ ಮೊದಲ ವೀಣೆಯನ್ನು ಅವಸರದಲ್ಲಿ ಒಂದು ಅಂಗಡಿಯಿಂದ ತಂದೆ. ಅದು ಲಾರಿಯಲ್ಲಿ ಬಂದು ಇಳಿಯಿತು. ನೋಡಲು ಚೆಂದ, ಕೊಡದ ಮೇಲೆ ಹೂಬಳ್ಳಿಯ ಕೆತ್ತನೆ, ತುದಿಯಲ್ಲಿ ಯಾಳಿಯ ಮುಖಕ್ಕೆ ಹೊಸ ಬಣ್ಣ. ಏಪ್ರಿಲ್ ಬಿಸಿಲಿಗೆ ಮೇಣ ಮೆತ್ತಗಾಗಿ ಎರಡು ಮೆಟ್ಟಿಲು ವಾಲಿಕೊಂಡವು. ಯಾವ ಮನೆಯಲ್ಲಿ ಗಾಂಧಾರ ಇರಬೇಕೋ ಅಲ್ಲಿ ಗಾಂಧಾರವೇ ಇಲ್ಲ. ಅಂಗಡಿಯವರು "ನುಡಿಸ್ತಾ ನುಡಿಸ್ತಾ ಸರಿಹೋಗುತ್ತೆ" ಅಂದರು. ಸರಿಹೋಗಲಿಲ್ಲ. ಮೇಳ ಕಟ್ಟುವವರು, ಅಂದರೆ ಮೇಣ ಹಾಕಿ ಮೆಟ್ಟಿಲು ಕೂರಿಸುವವರು, ಮನೆಗೆ ಬರುವ ತನಕ ಎರಡು ತಿಂಗಳು ಕಾದೆ. ಅವರು ಹಳೆಯ ಮೇಣ ಕೆರೆದು, ಹೊಸದನ್ನು ಕಾಸಿ ಹಾಕಿ, ಒಂದೊಂದೇ ಮೆಟ್ಟಿಲನ್ನು ಕಿವಿಗೊಟ್ಟು ಕೂರಿಸಿದರು. ಬೆಳಗ್ಗೆ ಕೂತವರು ಎದ್ದಿದ್ದು ಸಂಜೆಗೆ. ಕೆತ್ತನೆ ನೋಡಿ ದುಡ್ಡು ಕೊಟ್ಟಿದ್ದೆ. ನೋಡಬೇಕಿದ್ದದ್ದು ಮೇಳವನ್ನ.

ಮೈಸೂರಿನ ಕಡೆ ಗುರುಗಳು ಸಿಕ್ಕರೆ ಇನ್ನೊಂದು ವಿಷಯ ತಿಳಿದಿರಲಿ. ವೀಣೆ ಶೇಷಣ್ಣನವರಿಂದ (1852–1926) ದೊರೆಸ್ವಾಮಿ ಅಯ್ಯಂಗಾರರವರೆಗೆ (1920–1997) ಬಂದ ಮೈಸೂರು ಬಾನಿಯಲ್ಲಿ (ನುಡಿಸುವ ಶೈಲಿ) ಮೀಟಿನ ಸ್ಪಷ್ಟತೆಗೆ ಹೆಚ್ಚು ಬೆಲೆ. ತಂಜಾವೂರಿನ ಕಡೆಯ ಬಾನಿಯಲ್ಲಿ ಹಾಡಿನ ಹಾಗೆ ಎಳೆದು ನುಡಿಸುವುದು ಜಾಸ್ತಿ. ಒಂದೇ ವಾದ್ಯ, ಒಂದೇ ಕೃತಿ, ಅಲಂಕಾರ ಮಾತ್ರ ಬೇರೆ. ಗುರುಗಳನ್ನು ಗೊತ್ತು ಮಾಡುವ ಮೊದಲು ಎರಡನ್ನೂ ಕೇಳಿ.

ಪಿಟೀಲಿನ ಕಥೆ ತಲೆಕೆಳಗು. ಅಲ್ಲಿ ಮೆಟ್ಟಿಲೇ ಇಲ್ಲ. ಬೆರಳು ತಂತಿಯ ಮೇಲೆ ಎಲ್ಲಿ ಬೇಕಾದರೂ ಜಾರುತ್ತದೆ, ಮೇಲಕ್ಕೂ ಕೆಳಕ್ಕೂ. ಕಮಾನು ಎಳೆಯುತ್ತಿರುವಷ್ಟು ಹೊತ್ತು ನಾದ ಇರುತ್ತದೆ, ಸಾಯುವ ಭಯ ಇಲ್ಲ. ಗಮಕಕ್ಕೆ ಇದಕ್ಕಿಂತ ಅನುಕೂಲವಾದ ವಾದ್ಯ ಸಿಗುವುದು ಕಷ್ಟ. ಅದಕ್ಕೇ ಅಲ್ವಾ, ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು (1786–1859) ಮದ್ರಾಸಿನ ಹತ್ತಿರದ ಮಣಲಿಯಲ್ಲಿ ಯುರೋಪಿನವರಿಂದ ಕಲಿತ ಈ ಪರದೇಶದ ವಾದ್ಯ, ಇವತ್ತು ಹಾಡುಗಾರರ ಪಕ್ಕದ ಕಾಯಂ ಜಾಗ ಹಿಡಿದಿರುವುದು. ಕೂರುವ ರೀತಿಯನ್ನೂ ನಮ್ಮವರು ಬದಲಾಯಿಸಿಕೊಂಡರು. ನೆಲದ ಮೇಲೆ ಕೂತು, ಬಲಗಾಲು ಮುಂದೆ ಚಾಚಿ, ಪಿಟೀಲಿನ ಸುರುಳಿ ತಲೆಯನ್ನು ಪಾದದ ಗಿಣ್ಣಿನ ಮೇಲೆ ಇಡುತ್ತಾರೆ. ವಾದ್ಯ ಎದೆಗೂ ಕಾಲಿಗೂ ನಡುವೆ ಭದ್ರವಾಗಿ ಕೂತುಬಿಡುತ್ತದೆ. ಎಡಗೈ ಅದನ್ನು ಹೊರಬೇಕಾಗಿಲ್ಲ, ಬರೀ ಜಾರಿದರೆ ಸಾಕು. ಇದು ಪೂರ್ತಿ ಗಮಕಕ್ಕೋಸ್ಕರ ಮಾಡಿಕೊಂಡ ಏರ್ಪಾಟು. ತಿರುಮಕೂಡಲಿನ ಟಿ. ಚೌಡಯ್ಯನವರು (1895–1967) ನಾದ ಸಾಲದು ಅಂತ ಏಳು ತಂತಿಯ ಪಿಟೀಲನ್ನೇ ಮಾಡಿಕೊಂಡರು. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣವೂ ಪಿಟೀಲಿನ ಆಕಾರದಲ್ಲೇ ಇದೆ.

ಹಾಗಾದರೆ ತೊಂದರೆ ಎಲ್ಲಿ? ಪಿಟೀಲಿನಲ್ಲಿ ಅಲ್ಲಾಡಿಸುವುದು ಸುಲಭ, ನಿಲ್ಲಿಸುವುದು ಕಷ್ಟ. ಸುಮ್ನೆ ಒಂದು ಪಂಚಮ ಶ್ರುತಿಗೆ ಸರಿಯಾಗಿ ನಿಲ್ಲಬೇಕು ಅಂದರೆ ಆರು ತಿಂಗಳು ಬೇಕು. ಅಲ್ಲಿಯವರೆಗೆ ಎಣ್ಣೆ ಕಾಣದ ಬಾಗಿಲಿನ ಕೀಲು ಕಿರುಗುಟ್ಟಿದ ಹಾಗೆ ಇರುತ್ತದೆ, ಮನೆಯವರು ತಡೆದುಕೊಳ್ಳಬೇಕು. ಇನ್ನೊಂದು ಅಪಾಯ ಅದಕ್ಕಿಂತ ದೊಡ್ಡದು. ಶ್ರುತಿ ಸಿಗದ ಬೆರಳು ಅಲ್ಲಾಡಿ ತಪ್ಪಿಸಿಕೊಳ್ಳುವುದನ್ನು ಕಲಿತುಬಿಡುತ್ತದೆ. ಕೇಳಿದವರು "ಗಮಕ ಚೆನ್ನಾಗಿದೆ" ಅಂತಾರೆ. ಗುರುಗಳಿಗೆ ಮಾತ್ರ ಗೊತ್ತಾಗುತ್ತದೆ, ಅದು ಗಮಕ ಅಲ್ಲ, ಹುಡುಕಾಟ ಅಂತ.

ಮಕ್ಕಳಿಗೆ ಅರ್ಧ, ಮುಕ್ಕಾಲು ಅಳತೆಯ ಪಿಟೀಲು ಸಿಗುತ್ತವೆ. ಕೈ ಬೆಳೆದ ಹಾಗೆ ಬದಲಾಯಿಸಬೇಕು, ಅಂದರೆ ಒಂದೇ ಸಲದ ಖರ್ಚಲ್ಲ. ತಂತಿ, ರಾಳ, ಕಮಾನಿಗೆ ಕೂದಲು ಹಾಕಿಸುವುದು ಇವೆಲ್ಲ ಸಣ್ಣ ಖರ್ಚುಗಳು. ಆದರೆ ಪಿಟೀಲು ರಿಪೇರಿ ಮಾಡುವವರು ಪ್ರಪಂಚದ ಯಾವ ಊರಿನಲ್ಲಿ ಬೇಕಾದರೂ ಸಿಗುತ್ತಾರೆ. ಡಲ್ಲಾಸ್‌ನ ನೆಂಟರಿಗೆ ನಾನು ಹೇಳಿದ್ದು ಇದನ್ನೇ. ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯಲ್ಲಿ ಗಾಳಿ ಒಣಗುತ್ತದೆ, ವೀಣೆಯ ಮರ ಬಿರಿಯಬಹುದು. ಬಿರಿದರೆ ಅಲ್ಲಿ ನೋಡುವವರು ಯಾರು? ಪಿಟೀಲಿಗೂ ಒಣಗಾಳಿ ಆಗುವುದಿಲ್ಲ, ಆದರೆ ಪೆಟ್ಟಿಗೆಯಲ್ಲಿಟ್ಟು ಕಾಪಾಡಬಹುದು, ಊರಿಗೆ ಬರುವಾಗ ಜೊತೆಗೆ ತರಬಹುದು.

ಇನ್ನು ಕೊಳಲು. ದುಡ್ಡಿನ ಲೆಕ್ಕದಲ್ಲಿ ಇದನ್ನು ಮೀರಿಸುವ ವಾದ್ಯ ಇಲ್ಲ. ಕೆಲವು ನೂರು ರೂಪಾಯಿಗೆ ಕಲಿಯಲು ಸಾಕಾಗುವ ಕೊಳಲು ಬರುತ್ತದೆ, ಶಾಲೆಯ ಬ್ಯಾಗಿನಲ್ಲಿ ಹಿಡಿಸುತ್ತದೆ. ಗಮಕ ಇಲ್ಲಿ ಎರಡು ಕಡೆಯಿಂದ ಬರುತ್ತದೆ. ಒಂದು ಬೆರಳಿನಿಂದ, ತೂತನ್ನು ಪೂರ್ತಿ ಮುಚ್ಚದೆ, ಪೂರ್ತಿ ತೆರೆಯದೆ, ಬೆರಳ ದಿಂಬನ್ನು ಉರುಳಿಸುತ್ತಾ. ಇನ್ನೊಂದು ಉಸಿರು ಮತ್ತು ತುಟಿಯಿಂದ. ಟಿ.ಆರ್. ಮಹಾಲಿಂಗಂ, ಅಂದರೆ ಮಾಲಿ (1926–1986), ಬೆರಳು ಇಡುವ ಕ್ರಮವನ್ನೇ ಬದಲಾಯಿಸಿ ಹಾಡುಗಾರಿಕೆಯ ಗಮಕವನ್ನು ಕೊಳಲಿಗೆ ತಂದರು. ಅಲ್ಲಿಗೆ "ಕೊಳಲಿನಲ್ಲಿ ಗಮಕ ಕಷ್ಟ" ಅನ್ನುವ ಮಾತು ಮುಗಿಯಿತು. ಮುಗಿಯಿತು ಅಂದರೆ ಪರಿಣತರಿಗೆ. ಕಲಿಯುವವರಿಗೆ ಈಗಲೂ ಒಂದು ತೂತಿನಿಂದ ಇನ್ನೊಂದಕ್ಕೆ ಜಾರುವಾಗ ನಡುವೆ ಮೆಟ್ಟಿಲು ಕೇಳಿಸುತ್ತದೆ. ದೂರದ ಜಾರಿನಲ್ಲಿ ಇನ್ನೂ ಜಾಸ್ತಿ.

ಮೊದಲ ವಾರ ನಾದವೇ ಬರುವುದಿಲ್ಲ, ಬರೀ ಗಾಳಿ. ಜೋರಾಗಿ ಊದಿ ಊದಿ ತಲೆ ಸುತ್ತುತ್ತದೆ. ಆರೇಳು ವರ್ಷದ ಮಗುವಿಗೆ ಮುಂದಿನ ಹಲ್ಲು ಬಿದ್ದಿದ್ದರೆ ಅದು ಬರುವ ತನಕ ಕಾಯುವುದು ವಾಸಿ. ಬಿದಿರಿಗೆ ತಂತಿ ಬಿಗಿಯುವ ಬಿರಡೆ ಇಲ್ಲ, ಶ್ರುತಿ ಏರಿಸಲು ಇಳಿಸಲು ಆಗುವುದಿಲ್ಲ. ಒಂದೊಂದು ಶ್ರುತಿಗೆ ಒಂದೊಂದು ಕೊಳಲು ಬೇಕು. ಮಗುವಿಗೆ ಶ್ರುತಿ ಏರಿದ ಗಿಡ್ಡ ಕೊಳಲು ಸರಿ, ತೂತುಗಳು ಹತ್ತಿರ ಇರುತ್ತವೆ. ಆನ್‌ಲೈನ್‌ನಲ್ಲಿ ಸುಮ್ನೆ 'ಕೊಳಲು' ಅಂತ ತರಿಸಬೇಡಿ. ಆರು ತೂತಿನ ಹಿಂದೂಸ್ತಾನಿ ಬಾನ್ಸುರಿ ಬಂದು ಕೂರುತ್ತದೆ. ಕರ್ನಾಟಕಿ ಕೊಳಲಿನಲ್ಲಿ ಬೆರಳಿಗೆ 8 ತೂತು. ಎಣಿಸಿ ಕೊಳ್ಳಿ.

ಕೀಬೋರ್ಡನ್ನು ಬೈಯುವುದು ಸಂಗೀತದವರ ಹವ್ಯಾಸ. ನಾನೂ ಬೈದವನೇ, ಆದರೆ ಅದಕ್ಕೂ ಒಂದು ನ್ಯಾಯ ಇದೆ. ನಿಲ್ಲಿಸುವುದು ಅಲ್ಲಿ ಸುಲಭ, ಅಲ್ಲಾಡಿಸುವುದು ಕಷ್ಟ. ಪಿಟೀಲಿಗೆ ಪೂರ್ತಿ ಉಲ್ಟಾ. ಮನೆಗಳ ನಡುವಿನ ಜಾಗ ಕೀಬೋರ್ಡಿನಲ್ಲಿ ಇಲ್ಲವೇ ಇಲ್ಲ. ಇರುವ ಒಂದೇ ದಾರಿ ಎಡಗಡೆಯ ಪಿಚ್ ಬೆಂಡ್ ಚಕ್ರ. ಸಾಮಾನ್ಯವಾಗಿ ಅದು ಮೇಲಕ್ಕೆ 2 ಮನೆ, ಕೆಳಕ್ಕೆ 2 ಮನೆ ಸ್ವರವನ್ನು ಬಗ್ಗಿಸುತ್ತದೆ. ಲೆಕ್ಕ ಹಾಕಿದರೆ ತೋಡಿಯ ಗಾಂಧಾರಕ್ಕೆ ಅಷ್ಟೇ ಬೇಕು. ಡಿ ಶಾರ್ಪ್ ಒತ್ತಿ ಚಕ್ರವನ್ನು ಪೂರ್ತಿ ಮೇಲೆ ತಳ್ಳಿದರೆ ಮಧ್ಯಮ, ಪೂರ್ತಿ ಕೆಳಗೆ ಎಳೆದರೆ ರಿಷಭ. ಬಲಗೈ ಮನೆ ಒತ್ತುತ್ತದೆ, ಎಡಗೈ ಪೂರ್ತಿ ಚಕ್ರಕ್ಕೇ ಮೀಸಲು. ಇದನ್ನು ಸಾಧಿಸಿ ಕಛೇರಿ ಮಾಡುವವರೂ ಇದ್ದಾರೆ. ಆದರೆ ಸ್ವರ ಒತ್ತುವ ಕೈ ಒಂದು, ಅದನ್ನು ಬಗ್ಗಿಸುವ ಕೈ ಇನ್ನೊಂದು. ಮಗುವಿಗೆ ಅದನ್ನು ಕೂಡಿಸುವುದು ಸುಲಭ ಅಲ್ಲ. ಹೇಳಿಕೊಡುವವರೂ ಕಮ್ಮಿ. ಕಮ್ಮಿ ಬೆಲೆಯ ಎಷ್ಟೋ ಮಾದರಿಗಳಲ್ಲಿ ಈ ಚಕ್ರವೇ ಇರುವುದಿಲ್ಲ.

ಭಾವಗೀತೆ, ಸಿನಿಮಾ ಹಾಡು, ದೇವರನಾಮದ ಸರಳ ಧಾಟಿ, ಮೋಹನ, ಹಂಸಧ್ವನಿಯಂಥ ರಾಗಗಳ ಸಣ್ಣ ಹಾಡು, ಮುತ್ತುಸ್ವಾಮಿ ದೀಕ್ಷಿತರ ನೋಟುಸ್ವರಗಳು ಇವೆಲ್ಲ ಕೀಬೋರ್ಡಿನಲ್ಲಿ ಚೆನ್ನಾಗಿಯೇ ಬರುತ್ತವೆ. ನೋಟುಸ್ವರಗಳಂತೂ ಪಾಶ್ಚಾತ್ಯ ಧಾಟಿಯಲ್ಲಿ ಇರುವಂಥವು, ಅವಕ್ಕೆ ಓಲಾಟ ಬೇಡ. ಹೆಡ್‌ಫೋನ್ ಹಾಕಿಕೊಂಡರೆ ರಾತ್ರಿ ಹನ್ನೊಂದಕ್ಕೂ ಅಭ್ಯಾಸ ಮಾಡಬಹುದು. ಶ್ರುತಿ ಬಟನ್ ಒತ್ತಿದರೆ ಬದಲಾಗುತ್ತದೆ. ಇಷ್ಟು ಸಾಕು ಅನ್ನುವವರು ನಾಚಿಕೆ ಇಲ್ಲದೆ ಕೊಳ್ಳಲಿ. ಭೈರವಿ, ತೋಡಿ, ಆನಂದಭೈರವಿ ಬೇಕು ಅನ್ನುವವರು ಮಾತ್ರ ಆಮೇಲೆ ಬೇಸರ ಮಾಡಿಕೊಳ್ಳುತ್ತಾರೆ.

ಹಾರ್ಮೋನಿಯಂ ಕೇಳುವವರೂ ಇದ್ದಾರೆ. ಅದಕ್ಕಂತೂ ಚಕ್ರವೂ ಇಲ್ಲ. ಸ್ವರ ಬಗ್ಗುವುದಿಲ್ಲ ಅನ್ನುವ ಆಕ್ಷೇಪ ಎಷ್ಟು ಜೋರಾಗಿತ್ತು ಅಂದರೆ ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿ, 1971ರ ತನಕ ಒಳಗೆ ಬಿಟ್ಟುಕೊಳ್ಳಲಿಲ್ಲ. ಮ್ಯಾಂಡೊಲಿನ್, ಸ್ಯಾಕ್ಸೊಫೋನ್ ಆಸೆ ಇದ್ದರೆ ಗುರುಗಳು ಸಿಕ್ಕರೆ ಮಾತ್ರ ಮುಂದುವರಿಯಿರಿ. ಯು. ಶ್ರೀನಿವಾಸ್ (1969–2014) ಮ್ಯಾಂಡೊಲಿನ್ನಿನ ಜೋಡಿ ತಂತಿಗಳನ್ನು ತೆಗೆದು ಐದು ಒಂಟಿ ತಂತಿ ಹಾಕಿಕೊಂಡು, ವಿದ್ಯುತ್ ಮ್ಯಾಂಡೊಲಿನ್ನಿನಲ್ಲಿ ಗಮಕ ತೆಗೆದರು. ಮಂಗಳೂರಿನ ಕಡೆಯ ಕದ್ರಿ ಗೋಪಾಲನಾಥ್ (1949–2019) ಬ್ಯಾಂಡಿನ ಸ್ಯಾಕ್ಸೊಫೋನಿನಲ್ಲಿ ಅದೇ ಸಾಹಸ ಮಾಡಿದರು. ಇಬ್ಬರೂ ವಾದ್ಯವನ್ನು ಗಮಕಕ್ಕೆ ಬಗ್ಗಿಸಿದವರು. ನಾವು ನೀವು ಗಮಕಕ್ಕೆ ಮೊದಲೇ ಒಗ್ಗಿದ ವಾದ್ಯ ಹಿಡಿಯುವುದು ಕ್ಷೇಮ. ಧಾರವಾಡ, ಹುಬ್ಬಳ್ಳಿಯ ಕಡೆಯವರಾದರೆ ಈ ಲೆಕ್ಕವೇ ಬೇರೆ. ಅಲ್ಲಿ ಹಿಂದೂಸ್ತಾನಿಯ ಸಿತಾರಿನ ಮೀಂಡ್ (ಸ್ವರ ಜಾರಿಸುವುದು), ಬಾನ್ಸುರಿ, ಹೇಳಿಕೊಡುವವರೂ ಹತ್ತಿರದಲ್ಲೇ. ಅಲ್ಲಿದ್ದುಕೊಂಡು ವೀಣೆಗೆ ಗುರು ಹುಡುಕುವ ಬದಲು ಸಿತಾರು ಹಿಡಿಯಿರಿ.

ದುಡ್ಡಿನ ಅಂದಾಜು ಬೇಕಲ್ವಾ? ಕೊಳಲು ಕೆಲವು ನೂರರಿಂದ ಒಂದೆರಡು ಸಾವಿರ. ಕಲಿಯಲು ಸಾಕಾಗುವ ಪಿಟೀಲು 5–6 ಸಾವಿರದಿಂದ ಶುರು. ಚಕ್ರ ಇರುವ ಕೀಬೋರ್ಡಿಗೆ 10 ಸಾವಿರದ ಮೇಲೆ ಇಟ್ಟುಕೊಳ್ಳಿ. ವೀಣೆಗೆ 25–30 ಸಾವಿರ ಇಲ್ಲದೆ ಅಂಗಡಿಗೆ ಹೋಗಬೇಡಿ. ಒಂದೇ ಮರದಲ್ಲಿ ಕೊರೆದ ಏಕಾಂಡ ವೀಣೆ ಬೇಕು ಅಂದರೆ ಇನ್ನೂ ಏರುತ್ತದೆ. ಕಲಿಯುವವರಿಗೆ ಅದು ಬೇಕಾಗಿಲ್ಲ. ಊರು, ಅಂಗಡಿ ನೋಡಿ ಹೆಚ್ಚು ಕಮ್ಮಿ ಆಗುತ್ತದೆ.

ಏಳು ವರ್ಷದ ಹುಡುಗಿಯ ಅಪ್ಪ ಅಮ್ಮನಿಗೆ ನಾನು ಯಾವ ವಾದ್ಯವನ್ನೂ ಹೇಳಲಿಲ್ಲ. ಒಂದು ವರ್ಷ ಹಾಡಲು ಕಲಿಸಿ ಅಂದೆ. ಬಾಯಲ್ಲಿ ಓಲಾಡದ ಗಾಂಧಾರ ಬೆರಳಲ್ಲಿ ಓಲಾಡುವುದಿಲ್ಲ. ಅಷ್ಟರಲ್ಲಿ ಹಲ್ಲೂ ಬಂದಿರುತ್ತದೆ, ಕೈಯೂ ಸ್ವಲ್ಪ ಬೆಳೆದಿರುತ್ತದೆ. ಆಮೇಲೆ ಮಗು ಕಿವಿ ಚುರುಕು, ಹಟವೂ ಜಾಸ್ತಿ ಅಂದರೆ ಪಿಟೀಲು. ಬೇಗ ಬೇಜಾರಾಗುವ ಸ್ವಭಾವ, ಎಷ್ಟು ದಿನ ಆಸಕ್ತಿ ಇರುತ್ತದೋ ಗೊತ್ತಿಲ್ಲ ಅಂದರೆ ಕೊಳಲು, ಬಿಟ್ಟರೂ ನಷ್ಟ ಕಮ್ಮಿ. ಮನೆಯಲ್ಲಿ ಅಜ್ಜಿಯ ವೀಣೆ ಅಟ್ಟದ ಮೇಲಿದ್ದರೆ ಹೊಸ ವಾದ್ಯದ ಮಾತೇ ಬೇಡ, ಮೇಳ ಕಟ್ಟಿಸಿ ಇಳಿಸಿಕೊಳ್ಳಿ.

ರಿಟೈರ್ ಆದವರಿಗೆ ವೀಣೆಯನ್ನೇ ಹೇಳಿದೆ. ಅವರಿಗೆ ಕಛೇರಿಯ ಅವಸರ ಇಲ್ಲ. ವೀಣೆಯ ದನಿ ಮೆತ್ತಗಿರುವುದರಿಂದ ಬೆಳಗ್ಗೆ ಐದಕ್ಕೂ ಯಾರ ನಿದ್ದೆಯೂ ಕೆಡುವುದಿಲ್ಲ. ಪಿಟೀಲಿನ ಹಾಗೆ ಶ್ರುತಿ ಹುಡುಕಿ ಸೋಲಬೇಕಾಗಿಲ್ಲ, ಮೆಟ್ಟಿಲು ಕೈ ಹಿಡಿಯುತ್ತದೆ. ಮಂಡಿ ನೋವು ಅಂದರು. ದಿವಾನದ ಮೇಲೆ ಕೂತು ನುಡಿಸಿ ಅಂದೆ. ಸಕ್ಕರೆ ಕಾಯಿಲೆಯಿಂದ ಬೆರಳ ತುದಿ ಜೋಮು ಹಿಡಿಯುವವರು ಮಾತ್ರ ತಂತಿವಾದ್ಯಕ್ಕೆ ಮೊದಲು ಡಾಕ್ಟರನ್ನು ಒಂದು ಮಾತು ಕೇಳಿ.

ಯಾವುದನ್ನೇ ಆರಿಸಿದರೂ ಮೊದಲು ಗುರು, ಆಮೇಲೆ ವಾದ್ಯ. ಅಂಗಡಿಗೆ ಅವರನ್ನೋ, ಅವರ ಹಿರಿಯ ಶಿಷ್ಯರನ್ನೋ ಕರೆದುಕೊಂಡು ಹೋಗಿ. ವೀಣೆಯಾದರೆ ಪ್ರತಿ ಮೆಟ್ಟಿಲಲ್ಲೂ ಮೀಟಿ, ಎಳೆದು, ಬಿಟ್ಟಾಗ ಸ್ವರ ಅದೇ ಜಾಗಕ್ಕೆ ಬರುತ್ತದಾ, ಬಿರಡೆ ಜಾರುತ್ತದಾ ನೋಡಲಿ. ಪಿಟೀಲಿನಲ್ಲಿ ಕುದುರೆ (ತಂತಿ ಹೊರುವ ಸೇತುವೆ) ಎತ್ತರ ಜಾಸ್ತಿ ಇದ್ದರೆ ತಂತಿ ಬೆರಳಿಗೆ ದೂರ, ಜಾರು ಭಾರ. ಕೊಳಲನ್ನು ಬೆಳಕಿಗೆ ಹಿಡಿದು ಸೀಳು ನೋಡಿ. ಕೀಬೋರ್ಡಿನಲ್ಲಿ ಪಿಯಾನೋ ದನಿ ಬಿಟ್ಟು ಪಿಟೀಲಿನದ್ದೋ ಕೊಳಲಿನದ್ದೋ ಹಾಕಿಸಿ ಚಕ್ರ ತಿರುಗಿಸಿ, ಪಿಯಾನೋ ದನಿ ಬೇಗ ಸಾಯುತ್ತದೆ, ಓಲಾಟ ಗೊತ್ತಾಗುವುದಿಲ್ಲ. ಜೊತೆಗೆ ಬಂದವರಿಗೆ ಒಂದೇ ಒಂದು ಸ್ವರ ನುಡಿಸಲು ಹೇಳಿ, ತೋಡಿಯ ಗಾಂಧಾರ. ಅಂಗಡಿಯಲ್ಲಿ ಗಲಾಟೆ ಇದ್ದರೆ ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ, ಆಗ ಜನ ಕಮ್ಮಿ.